ಮೇಣದ ಮೇಷ್ಟ್ರು ಒಪ್ಪಿಕೊಂಡ ತಪ್ಪು

ಮೇಣದಲ್ಲಿ ಹಲ್ಲು ಕೆತ್ತುವುದರಲ್ಲಿ ಅವರನ್ನು ಮೀರಿಸುವವರು ಆ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆ ಮಾಡಿಕೊಂಡು, ಖಾಲಿ ಉಳಿದ ಜಾಗಕ್ಕೆ ಮೇಣದ ಹಲ್ಲು ಕೂರಿಸುವುದು ಅವರ ಕೆಲಸ. ಅಕ್ಕಪಕ್ಕದ ಹಲ್ಲು ನೋಡಿಯೇ ಆ ಮನುಷ್ಯ ಯಾವ ಕಡೆ ಅಗಿಯುತ್ತಾನೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೋ ಇಲ್ಲವೋ ಹೇಳಿಬಿಡುತ್ತಿದ್ದರು. ಬಂದ ಹೊಸಬರಿಗೆಲ್ಲ ಕೆತ್ತನೆ ಕಲಿಸಿದವರೂ ಅವರೇ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಮೇಣದ ಮೇಷ್ಟ್ರು.

ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಆಮೇಲೆ ಸ್ಕ್ಯಾನರ್ ಬಂತು. ದವಡೆ ಪರದೆಯ ಮೇಲೆ ಮೂಡಿ ಗಿರಗಿರನೆ ತಿರುಗತೊಡಗಿತು. ಹಲ್ಲಿನ ಚಿತ್ರ ಬಿಡಿಸಿ ಒಂದು ಗುಂಡಿ ಒತ್ತಿದರೆ ಸಾಕು, ಮೂಲೆಯಲ್ಲಿದ್ದ ಯಂತ್ರ ಬಿಳಿ ಬಿಲ್ಲೆಯನ್ನು ಕೊರೆದು ಹಲ್ಲು ಮಾಡಿ ಕೊಡುತ್ತಿತ್ತು. ಮೇಷ್ಟ್ರ ಮೇಣದ ಡಬ್ಬಿಯ ಮುಚ್ಚಳ ವಾರಕ್ಕೊಮ್ಮೆ ತೆಗೆದರೆ ಹೆಚ್ಚಾಯಿತು.

ಲ್ಯಾಬಿನ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಮೇಡಂ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಕಾರಣವನ್ನಾದರೂ ಹೇಳಬೇಕಾಗುತ್ತಿತ್ತು. ಅದರ ಬದಲು, ಜಾಗ ಖಾಲಿ ಇದೆ ಎಂದು ಅವರ ಪ್ಲಾಸ್ಟರ್ ಕೋಣೆಯಲ್ಲೇ ಸರ್ವರ್ ತಂದಿಡಿಸಿದರು. ದವಡೆಗಳ ಫೈಲುಗಳೆಲ್ಲ ಆ ಕಪ್ಪು ಪೆಟ್ಟಿಗೆಯಲ್ಲಿ ಇರಬೇಕಿತ್ತು.

"ಹೇಗೂ ನೀವು ಇಲ್ಲೇ ಕೂತಿರ್ತೀರಲ್ಲ ಮೇಷ್ಟ್ರೇ, ಇದನ್ನೂ ಸ್ವಲ್ಪ ನೋಡ್ಕೊಳ್ಳಿ" ಎಂದರು.

ತಮ್ಮ ಕೆಲಸ ಕಿತ್ತುಕೊಂಡ ಯಂತ್ರಗಳ ತಾಯಿಬೇರನ್ನೇ ಮೇಷ್ಟ್ರು ಕಾಯುವುದಕ್ಕೆ ಕೂತರು. ಮೊದಲ ಆರು ತಿಂಗಳು ಅದರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಆಮೇಲೆ ಅದು ದಿನ ಬಿಟ್ಟು ದಿನ ತಾನಾಗಿಯೇ ಆರಿಹೋಗತೊಡಗಿತು. ಹೊರಗಿನಿಂದ ಬಂದ ಇಂಜಿನಿಯರ್ ಒಬ್ಬರು ಅದರ ಮುಂದೆ ಕಾಲು ಗಂಟೆ ನಿಂತು, ಇದರ ಆಯುಸ್ಸು ಮುಗಿಯಿತು, ಹೊಸದು ತರಿಸಿ ಎಂದು ಬರೆದುಕೊಟ್ಟು ಹೋದರು. ಅವರು ಹೋದ ಮೇಲೆ ಮೇಷ್ಟ್ರು ಸುಮ್ಮನೆ ಮುಚ್ಚಳ ಬಿಚ್ಚಿ ನೋಡಿದರು. ಒಳಗಿನ ಫ್ಯಾನು ಪ್ಲಾಸ್ಟರ್ ಪುಡಿ ತುಂಬಿ ಮದುವಣಿಗನ ಹಾಗೆ ಬೆಳ್ಳಗಾಗಿತ್ತು. ಮೇಣ ಸವರುವ ಸಣ್ಣ ಬ್ರಷ್ಷಿನಿಂದ ಎಲೆ ಎಲೆ ಬಿಡಿಸಿ ಒರೆಸಿದರು. ಸರ್ವರ್ ಎದ್ದು ಕೂತಿತು. ಅಂದಿನಿಂದ ಯಾರ ಕಂಪ್ಯೂಟರ್ ಮಿಸುಕಾಡಿದರೂ ಮೊದಲ ಕೂಗು ಮೇಷ್ಟ್ರಿಗೆ.

ಕಲಿತರು. ಕೈಪಿಡಿಗಳನ್ನು ಬೆರಳಿಟ್ಟು ಓದಿದರು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಕಾದು ನೋಡು, ಆಮೇಲೆ ಇನ್ನೊಂದಕ್ಕೆ ಕೈಹಾಕು ಎನ್ನುವುದು ಮೇಣದ ಕೆಲಸದಿಂದಲೇ ಬಂದ ಅಭ್ಯಾಸ. ಇಂಜಿನಿಯರುಗಳಿಗೆ ಅಷ್ಟು ಪುರುಸೊತ್ತಿರಲಿಲ್ಲ; ಮೇಷ್ಟ್ರ ಹತ್ತಿರ ಪುರುಸೊತ್ತು ಬಿಟ್ಟು ಬೇರೇನೂ ಇರಲಿಲ್ಲ.

ಈ ಹೊತ್ತಿಗೆ ಅವರ ಬಾಮೈದ ರಂಗಕ್ಕೆ ಬಂದ. ಮೇಷ್ಟ್ರ ಹೆಂಡತಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ತಾಯಿ ಬೇಗ ಹೋದದ್ದರಿಂದ ಈ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವರೇ. ಅವನ ಬಗ್ಗೆ ಹಗುರವಾಗಿ ಒಂದು ಮಾತು ಬಂದರೂ ಆ ಮನೆಯಲ್ಲಿ ವಾರ ಕಳೆದರೂ ಯಾರ ದನಿಯೂ ಕೇಳಿಸುತ್ತಿರಲಿಲ್ಲ. ಅವನು ಸಣ್ಣ ಸಣ್ಣ ವ್ಯಾಪಾರದವರಿಗೆ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಡುವ ಕಂಪನಿಯೊಂದರಲ್ಲಿದ್ದ. ಸೆಖೆಗಾಲದಲ್ಲೂ ಅವನ ಅಂಗಿಯ ಇಸ್ತ್ರಿ ಮುರಿಯುತ್ತಿರಲಿಲ್ಲ. ಏನು ಕೇಳಿದರೂ "ಅದಕ್ಕೊಂದು ಸೊಲ್ಯೂಷನ್ ಇದೆ" ಎನ್ನುತ್ತಿದ್ದುದರಿಂದ ಲ್ಯಾಬಿನವರು ಎರಡನೆಯ ಭೇಟಿಗೇ ಅವನಿಗೆ ಸೊಲ್ಯೂಷನ್ ಎಂದು ಹೆಸರಿಟ್ಟರು.

"ಮೇಡಂ, ಹನ್ನೆರಡು ಕಂಪ್ಯೂಟರ್ ಅಂದ್ರೆ ಹನ್ನೆರಡು ತಲೆನೋವು" ಎಂದ ಸೊಲ್ಯೂಷನ್. "ಎಲ್ಲಾನೂ ಒಂದೇ ದೊಡ್ಡ ಸರ್ವರ್ ಒಳಗೆ ಹಾಕ್ಬಿಡೋಣ. ವರ್ಚುವಲ್ ಡೆಸ್ಕ್‌ಟಾಪ್. ಮೇಜಿನ ಮೇಲೆ ಬರೀ ಒಂದು ಪರದೆ, ಒಂದು ಪುಟ್ಟ ಡಬ್ಬಿ. ಕಂಪ್ಯೂಟರ್ ಅನ್ನೋದು ಒಳಗಡೆ ಇರುತ್ತೆ, ಎಲ್ಲರಿಗೂ ಅವರವರದೇ ಇದ್ದ ಹಾಗೆ ಕಾಣುತ್ತೆ. ಕೆಟ್ರೂ ಒಂದೇ ಕಡೆ ಕೆಡುತ್ತೆ."

ಕೊನೆಯ ಮಾತು ಮೇಡಂಗೆ ತುಂಬ ಹಿಡಿಸಿತು. ಮೇಷ್ಟ್ರಿಗೆ ಅದು ಬೆದರಿಕೆಯಂತೆ ಕೇಳಿಸಿತು. ಆದರೆ ಹೆಂಡತಿಯ ಮುಖ ಕಣ್ಣ ಮುಂದೆ ಬಂದು, ಬಾಯಿಗೆ ಬಂದದ್ದನ್ನು ನುಂಗಿಕೊಂಡರು.

ಹೊಸ ಸರ್ವರ್ ಬಂತು. ಪ್ರತಿದಿನ ಎಲ್ಲ ಫೈಲುಗಳ ನಕಲು ತೆಗೆದಿಡಲು, ಅಂದರೆ ಬ್ಯಾಕಪ್ಪಿಗೆ, ಬೇರೆ ಒಂದು ಪೆಟ್ಟಿಗೆ ಬಂತು. ಬೆಂಕಿ ಗಿಂಕಿ ಬಿದ್ದರೆ ಎರಡೂ ಒಟ್ಟಿಗೆ ಹೋಗಬಾರದೆಂದು ಅದನ್ನು ಮುಂಬಾಗಿಲ ಪಕ್ಕದ ಕಪಾಟಿನಲ್ಲಿ ಇಟ್ಟರು. ಇಡೀ ವ್ಯವಸ್ಥೆಯ ಪಾಸ್‌ವರ್ಡನ್ನು ಸೊಲ್ಯೂಷನ್ ಒಂದು ಚೀಟಿಯಲ್ಲಿ ಬರೆದು, ಯಾರಿಗೂ ಕಾಣಬಾರದೆಂದು ಸರ್ವರಿನ ಬೆನ್ನಿಗೆ ಅಂಟಿಸಿದ. ಅದನ್ನು ದಿನಾ ಒರೆಸುತ್ತಿದ್ದವರು ಮೇಷ್ಟ್ರು.

ಮೂರನೆಯ ದಿನದಿಂದ ರೋಗ ಶುರುವಾಯಿತು.

"ಮೇಷ್ಟ್ರೇ, ದವಡೆ ಅರ್ಧ ತಿರುಗಿ ನಿಂತ್ಬಿಟ್ಟಿದೆ" ಎಂದು ಸ್ಕ್ಯಾನಿಂಗ್ ಮಾಡುವ ಅಕ್ಕ ಕೂಗಿದರು. ಮೇಷ್ಟ್ರು ಹೊರಗೆ ಬಂದು ನೋಡಿದರೆ ಹನ್ನೆರಡು ಪರದೆಗಳಲ್ಲಿ ಹನ್ನೆರಡು ದವಡೆಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಹನ್ನೆರಡು ಜನ ಅದೇ ಭಂಗಿಯಲ್ಲಿ ಅವುಗಳ ಎದುರು ಕೂತಿದ್ದರು. ಒಂದೂವರೆ ಗಂಟೆ ಕಳೆದ ಮೇಲೆ ಎಲ್ಲವೂ ಒಟ್ಟಿಗೆ ಚಲಿಸಿದವು. ಮಾರನೆಯ ದಿನ ಮತ್ತೆ ಹಾಗೇ.

ಸೊಲ್ಯೂಷನ್ ಬಳಿ ಕಾರಣಗಳಿಗೆ ಬರವಿರಲಿಲ್ಲ. ಮೊದಲ ವಾರ ಇಂಟರ್ನೆಟ್ಟಿನ ದೋಷವಾಗಿತ್ತು, ಎರಡನೆಯ ವಾರ ತಂತಿಗಳದ್ದು, ಮೂರನೆಯ ವಾರ ಸಿಬ್ಬಂದಿ ಏಕಕಾಲಕ್ಕೆ ಏನೇನೋ ತೆರೆದಿಡುವುದರದ್ದು. "ನಮ್ಮ ಕಡೆಯಿಂದ ಎಲ್ಲಾ ಓಕೆ ಇದೆ ಭಾವ" ಎಂದು ಫೋನಿನಲ್ಲಿ ಹೇಳುತ್ತಿದ್ದ. ಲ್ಯಾಬಿನವರು ಮಧ್ಯಾಹ್ನದ ನಿದ್ದೆಗೆ ಒಗ್ಗಿಕೊಳ್ಳತೊಡಗಿದರು.

ಕಟ್ಟಿದ ಹಲ್ಲು ಬಾಯಲ್ಲಿ ಎತ್ತರವಾದರೆ ನೀಲಿ ಕಾಗದ ಕಚ್ಚಿಸಿ ನೋಡುವುದುಂಟು. ಎಲ್ಲಿ ನೀಲಿ ಮೂಡಿತೋ ಅಲ್ಲೇ ತಗಲುತ್ತಿದೆ ಎಂದರ್ಥ. ಮೇಷ್ಟ್ರು ಅದನ್ನೇ ಮಾಡಿದರು. ಒಂದು ಪುಸ್ತಕದಲ್ಲಿ ದಿನಾ ಪರದೆ ನಿಂತ ಹೊತ್ತು, ಎದ್ದ ಹೊತ್ತು ಬರೆದರು. ನಿಲ್ಲುವ ಹೊತ್ತು ಯಾವಾಗಲೂ ಸರಿಯಾಗಿ ಎರಡು ಗಂಟೆ. ಏಳುವ ಹೊತ್ತು ದಿನದಿಂದ ದಿನಕ್ಕೆ ಒಂದೆರಡು ನಿಮಿಷ ಮುಂದೆ ಹೋಗುತ್ತಿತ್ತು. ಎರಡು ಗಂಟೆಗೆ ಸರ್ವರ್ ಏನು ಮಾಡುತ್ತದೆ ಎಂದು ಹುಡುಕಿದಾಗ ಸಿಕ್ಕಿತು. ರಾತ್ರಿ ಎರಡಕ್ಕೆ ಆಗಬೇಕಿದ್ದ ಬ್ಯಾಕಪ್ ಮಧ್ಯಾಹ್ನ ಎರಡಕ್ಕೆ ಆಗುತ್ತಿತ್ತು. ಹೊತ್ತು ಹಾಕುವಾಗ ಸೊಲ್ಯೂಷನ್ ಹಗಲನ್ನು ಆರಿಸಿದ್ದ. ಇಡೀ ಲ್ಯಾಬಿನ ಫೈಲುಗಳನ್ನು ಹೊತ್ತುಕೊಂಡು ಹೋಗುವ ಕೆಲಸದಲ್ಲಿ ಸರ್ವರಿಗೆ ದವಡೆ ತಿರುಗಿಸಲು ಉಸಿರೇ ಉಳಿಯುತ್ತಿರಲಿಲ್ಲ.

ಮೇಡಂಗೆ ಹೇಳಿದರೆ ಬಾಮೈದನ ಮರ್ಯಾದೆ ಹೋಗುತ್ತದೆ. ಬಾಮೈದನಿಗೆ ಹೇಳಿದರೆ ಅವನು ಅಕ್ಕನಿಗೆ ಹೇಳುತ್ತಾನೆ. ಮೇಷ್ಟ್ರು ಎದ್ದು ಬಾಗಿಲು ಮುಂದೆ ಮಾಡಿ, ಬೆನ್ನಿನ ಚೀಟಿ ನೋಡಿಕೊಂಡು ಬಾಮೈದನ ಹೆಸರಿನಲ್ಲೇ ಒಳಗೆ ಹೋಗಿ, ಹಗಲನ್ನು ರಾತ್ರಿ ಮಾಡಿದರು. ಒಂದು ಕ್ಷಣದ ಕೆಲಸ. ಪುಸ್ತಕದಲ್ಲಿ ಮಾತ್ರ ಅದನ್ನು ಬರೆಯಲಿಲ್ಲ. ಯಾರ ಕಣ್ಣಿಗಾದರೂ ಬಿದ್ದರೆ ಎಂಬ ಅಳುಕು.

ಮರುದಿನ ಎರಡು ಗಂಟೆಗೆ ದವಡೆಗಳು ತಿರುಗುತ್ತಲೇ ಇದ್ದವು. ಮೇಷ್ಟ್ರಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಬ್ಯಾಕಪ್ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಿದರು. ಫೋಲ್ಡರ್ ಇತ್ತು. ಫೋಲ್ಡರಿನ ಮೇಲಿದ್ದ ತಾರೀಖನ್ನು ನೋಡಲಿಲ್ಲ.

ತಿಂಗಳ ಕೊನೆಯಲ್ಲಿ ಸೊಲ್ಯೂಷನ್ ಕಂಪನಿಯ ವರದಿ ಬಂತು. "ನಾಲ್ಕನೆಯ ವಾರದಲ್ಲಿ ನಾವು ಕೈಗೊಂಡ ವಿಶೇಷ ಸುಧಾರಣೆಗಳಿಂದ ವೇಗದ ಸಮಸ್ಯೆ ಪೂರ್ತಿ ಬಗೆಹರಿದಿದೆ" ಎಂದು ಅದರಲ್ಲಿ ಬರೆದು ಅವನು ಸಹಿ ಹಾಕಿದ್ದ. ಮೇಡಂ ಅವನನ್ನು ಕರೆಸಿ, ಗಾಜಿನಲ್ಲಿ ಮಾಡಿಸಿದ ದೊಡ್ಡ ದವಡೆಹಲ್ಲೊಂದನ್ನು ಉಡುಗೊರೆಯಾಗಿ ಕೊಟ್ಟರು.

"ಏನು ಸುಧಾರಣೆ ಮಾಡಿದ್ಯೋ?" ಎಂದು ಮೇಷ್ಟ್ರು ಅವನನ್ನು ಬದಿಗೆ ಕರೆದು ಕೇಳಿದರು.

"ಅದು ಸ್ವಲ್ಪ ಟೆಕ್ನಿಕಲ್ ಭಾವ. ನಿಮಗೆ ಹೇಳಿದ್ರೆ ಗೊಂದಲ ಆಗುತ್ತೆ."

ಅವನ ಕೈಕೆಳಗೆ ಇಪ್ಪತ್ತು ಗಿರಾಕಿಗಳಿದ್ದರು, ದಿನಕ್ಕೆ ಹತ್ತಾರು ಬದಲಾವಣೆ. ಯಾವುದೋ ಒಂದು ಕೆಲಸ ಮಾಡಿತೆಂದು ಅವನು ನಿಜವಾಗಿಯೂ ನಂಬಿದ್ದ. ಮೇಷ್ಟ್ರಿಗೆ ಒಳಗೊಳಗೇ ಉರಿಯಿತು, ನಗುವೂ ಬಂತು. ಮನೆಯಲ್ಲಿ ಹೆಂಡತಿ, "ನೋಡಿದ್ರಾ ನನ್ನ ತಮ್ಮನ್ನ?" ಎಂದಾಗ "ನೋಡಿದೆ" ಎಂದರು.

ಐದು ತಿಂಗಳು ನೆಮ್ಮದಿಯಾಗಿ ಕಳೆದವು. ಒಂದು ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಪ್ಲಾಸ್ಟರ್ ಕೋಣೆಯಲ್ಲಿ ಪಟ್ ಎಂದು ಸದ್ದಾಗಿ ಸುಟ್ಟ ವಾಸನೆ ಬಂತು. ಹೊರಗೆ ಹನ್ನೆರಡು ಪರದೆಗಳು ಒಟ್ಟಿಗೆ ಕಪ್ಪಾದವು. ಕೆಟ್ಟದ್ದು ಸೊಲ್ಯೂಷನ್ ಮಾತು ಕೊಟ್ಟಂತೆ ಒಂದೇ ಕಡೆ. ಸರ್ವರಿಗೆ ಕರೆಂಟು ಹಂಚುವ ಭಾಗ ಸುಟ್ಟು, ಹೋಗುವಾಗ ಡಿಸ್ಕುಗಳನ್ನೂ ಕರೆದುಕೊಂಡು ಹೋಗಿತ್ತು.

"ಯಾರೂ ಗಾಬರಿ ಆಗ್ಬೇಡಿ" ಎಂದ ಸೊಲ್ಯೂಷನ್, ಮಧ್ಯಾಹ್ನ ಬದಲಿ ಸರ್ವರ್ ಹೊತ್ತು ತಂದು. "ಬ್ಯಾಕಪ್ ಇದೆ. ಸಂಜೆ ಒಳಗೆ ಎಲ್ಲಾ ವಾಪಸ್ಸು."

ಸಂಜೆಯೊಳಗೆ ಎಲ್ಲವೂ ವಾಪಸ್ಸು ಬಂತು, ಐದು ತಿಂಗಳ ಹಿಂದೆ ಇದ್ದ ಹಾಗೆ. ಕಟ್ಟಿ ಕೊಟ್ಟು ರೋಗಿಗಳು ಅಗಿದು ಮರೆತ ಹಲ್ಲುಗಳೆಲ್ಲ ಇದ್ದವು. ಈಗ ಕೈಯಲ್ಲಿದ್ದ ಕೆಲಸಗಳಲ್ಲಿ ಒಂದೂ ಇರಲಿಲ್ಲ. ಕೊನೆಯ ನಕಲಿನ ತಾರೀಖನ್ನು ಮೇಷ್ಟ್ರು ಎರಡೆರಡು ಸಲ ಓದಿದರು. ತಾವು ಹಗಲನ್ನು ರಾತ್ರಿ ಮಾಡಿದ ದಿನ ಅದು.

ರಾತ್ರಿ ಯಾಕೆ ನಕಲಾಗಲಿಲ್ಲ ಎನ್ನುವುದು ತಿಳಿಯಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ಮುಂಬಾಗಿಲ ಕಪಾಟಿನಿಂದ ಹೊರಟ ಕರೆಂಟಿನ ತಂತಿಯನ್ನು ಬೆರಳಲ್ಲಿ ಹಿಡಿದುಕೊಂಡೇ ಹೋದರು. ಅದು ಬೀದಿಯ ಕಡೆ ಇದ್ದ ನಾಮಫಲಕದ ದೀಪದ ಸ್ವಿಚ್ಚಿಗೆ ಹೋಗಿ ಮುಟ್ಟಿತು.

"ಈ ಸ್ವಿಚ್ಚು ಯಾರು ಆರಿಸ್ತಾರಪ್ಪಾ?" ಎಂದು ಕಾವಲುಗಾರನನ್ನು ಕೇಳಿದರು.

"ನಾನೇ ಮೇಷ್ಟ್ರೇ. ರಾತ್ರಿ ಹತ್ತು ಗಂಟೆಗೆ ಆರಿಸ್ತೀನಿ, ಬೆಳಿಗ್ಗೆ ಎಂಟಕ್ಕೆ ಲ್ಯಾಬ್ ತೆಗೆಯೋವಾಗ ಹಾಕ್ತೀನಿ. ಯಾಕೆ?"

ಹಗಲು ಎರಡು ಗಂಟೆಗೆ ಪೆಟ್ಟಿಗೆ ಎಚ್ಚರವಾಗಿರುತ್ತಿತ್ತು. ರಾತ್ರಿ ಎರಡು ಗಂಟೆಗೆ ಸರ್ವರ್ ಬಂದು ಬಾಗಿಲು ತಟ್ಟಿದರೆ ತೆಗೆಯುವವರೇ ಇರಲಿಲ್ಲ. ನಕಲು ಆಗಲಿಲ್ಲ ಎಂದು ಅದು ದಿನವೂ ಕಂಪನಿಗೆ ಇಮೇಲ್ ಕಳಿಸಿತ್ತು. ಆ ವಿಳಾಸಕ್ಕೆ ಇಪ್ಪತ್ತು ಗಿರಾಕಿಗಳ ದೂರು ಬರುತ್ತಿದ್ದುದರಿಂದ ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಬಾಮೈದ ಹಾಕಿದ ತಪ್ಪು ಹೊತ್ತು ಲ್ಯಾಬನ್ನು ಮಲಗಿಸಿದರೂ ಕಾಪಾಡಿತ್ತು. ಮೇಷ್ಟ್ರು ಹಾಕಿದ ಸರಿಯಾದ ಹೊತ್ತು ಅದನ್ನು ಮುಳುಗಿಸಿತ್ತು.

ಅಂದು ಸಂಜೆಯೇ ಮೇಡಂಗೆ ಹೇಳಿಬಿಡಬೇಕೆಂದು ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋದರು. ಎರಡು ಸಲವೂ ಮೇಡಂ ಫೋನಿನಲ್ಲಿ ಯಾರೋ ವೈದ್ಯರ ಬೈಗುಳ ಕೇಳುತ್ತಿದ್ದರು. ನಾಳೆ ಹೇಳಿದರಾಯಿತು ಎಂದು ಮೇಷ್ಟ್ರು ಹಿಂದಕ್ಕೆ ಬಂದರು. ಆ ಒಂದು ರಾತ್ರಿಯಲ್ಲಿ ಕೆಲಸ ಕೆಟ್ಟಿತು.

ಬೆಳಿಗ್ಗೆ ಅವರು ಒಳಗೆ ಹೋಗುವಷ್ಟರಲ್ಲಿ ಮೇಡಂ ಮೇಜಿನ ಮೇಲೆ ಎರಡು ಹಾಳೆಗಳಿದ್ದವು. ಎದುರಿಗೆ ಸೊಲ್ಯೂಷನ್ ನಿಂತಿದ್ದ. ಅವನ ಅಂಗಿಯಲ್ಲಿ ಮೊದಲ ಸಲ ಸುಕ್ಕು ಕಾಣಿಸಿತು. ಒಂದು ಹಾಳೆ ಅವನ ಕಂಪನಿ ಕಳಿಸಿದ ದಾಖಲೆ. ಬ್ಯಾಕಪ್ಪಿನ ಹೊತ್ತು ಬದಲಾದ ದಿನ, ಗಂಟೆ, ಬದಲಾಯಿಸಿದವನ ಹೆಸರು ಅದರಲ್ಲಿತ್ತು. ಹೆಸರು ಅವನದೇ. ಇನ್ನೊಂದು, ಅದೇ ವಾರ ವಿಶೇಷ ಸುಧಾರಣೆ ಮಾಡಿದೆನೆಂದು ಅವನು ಸಹಿ ಹಾಕಿ ಕೊಟ್ಟ ವರದಿ.

"ಇವತ್ತೇ ಇವರ ಕಂಪನಿಗೆ ಬರೀತೀನಿ" ಎಂದರು ಮೇಡಂ. "ಇವರ ಕೆಲಸ ಹೋದ್ರೆ ನಾನು ಜವಾಬ್ದಾರಳಲ್ಲ."

"ಮೇಡಂ, ಅದನ್ನ ಬದಲಾಯಿಸಿದ್ದು ನಾನು" ಎಂದರು ಮೇಷ್ಟ್ರು.

ಮೇಷ್ಟ್ರು ಮೊದಲಿಂದ ಕೊನೆಯವರೆಗೆ ಒಂದೂ ಬಿಡದೆ ಹೇಳಿದರು. ಚೀಟಿ, ಪಾಸ್‌ವರ್ಡು, ಹಗಲು, ರಾತ್ರಿ, ನೋಡದೆ ಬಿಟ್ಟ ತಾರೀಖು, ದೀಪದ ಸ್ವಿಚ್ಚು. ಹೇಳುತ್ತಾ ಅವರ ದನಿ ನಡುಗಿತು.

ಮೇಡಂ ಕನ್ನಡಕ ತೆಗೆದು ಒರೆಸಿದರು. "ಮೇಷ್ಟ್ರೇ, ಇಷ್ಟು ವರ್ಷದಿಂದ ನಿಮ್ಮನ್ನ ನೋಡ್ತಿದ್ದೀನಿ. ನಿಮಗೆ ಸುಳ್ಳು ಹೇಳೋಕೆ ಬರಲ್ಲ."

"ಅದಕ್ಕೇ ಮೇಡಂ, ನಿಜ ಹೇಳ್ತಿದ್ದೀನಿ."

"ಬರಲ್ಲ ಅನ್ನೋದು ಗೊತ್ತಾಗ್ತಾ ಇದೆ. ದನಿ ನಡುಗ್ತಿದೆ ನೋಡಿ." ಅವರು ದಾಖಲೆಯನ್ನು ಮುಂದಕ್ಕೆ ಸರಿಸಿದರು. "ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ?"

"ನಾನು ಅವನ ಹೆಸರಲ್ಲಿ ಒಳಗೆ ಹೋಗಿದ್ದೆ."

"ನಿಮ್ಮ ಪುಸ್ತಕದಲ್ಲಿ ಪ್ರತಿಯೊಂದೂ ಬರೀತೀರಲ್ಲ, ಇದನ್ನ ಬರೆದಿದ್ದೀರಾ?"

"ಇಲ್ಲ."

"ಮತ್ತೆ?" ಎಂದು ಮೇಡಂ ಮೆತ್ತಗೆ ನಕ್ಕರು. ಸೊಲ್ಯೂಷನ್ ಕಡೆ ತಿರುಗಿ, "ನೀವಾದ್ರೂ ಹೇಳಿ, ಮಾಡಿದ್ದು ಯಾರು?" ಎಂದರು.

ಸೊಲ್ಯೂಷನ್ ತನ್ನದೇ ಸಹಿಯನ್ನು ನೋಡುತ್ತಾ ನಿಂತ. "ನಾನೇ ಇರ್ಬೇಕು ಮೇಡಂ" ಎಂದ. ಅವನ ಕಣ್ಣು ತುಂಬಿತ್ತು. ಹೊರಗೆ ಬಂದ ಮೇಲೆ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, "ಭಾವ, ನನಗೋಸ್ಕರ ಇಷ್ಟು ವರ್ಷದ ಹೆಸರನ್ನೇ ಒಡ್ಡಿಬಿಟ್ರಲ್ಲ" ಎಂದ.

"ಲೋ, ನಿಜವಾಗ್ಲೂ ನಾನೇ ಕಣೋ!"

"ಸಾಕು ಬಿಡಿ ಭಾವ. ಇನ್ನು ಅಳಿಸ್ಬೇಡಿ."

ಮೇಷ್ಟ್ರ ದೊಡ್ಡತನಕ್ಕೆ ಬೆಲೆ ಕೊಟ್ಟು ಮೇಡಂ ಕಂಪನಿಗೆ ಪತ್ರ ಬರೆಯುವುದನ್ನು ಕೈಬಿಟ್ಟರು. ಸೊಲ್ಯೂಷನ್ ಏನೇ ಮುಟ್ಟಿದರೂ ಇನ್ನು ಮೇಲೆ ಮೇಷ್ಟ್ರ ಒಪ್ಪಿಗೆ ಬೇಕೆಂದು ಮಾತ್ರ ನಿಯಮ ಮಾಡಿದರು.

ಅಷ್ಟರಲ್ಲಿ ಸುದ್ದಿ ಮನೆ ತಲುಪಿತ್ತು. ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದರು. ಫ್ಯಾನನ್ನು ಅವರ ಕಡೆ ತಿರುಗಿಸಿ, ಟೀ ತಂದುಕೊಟ್ಟು, ಎದುರು ಕೂತರು.

"ರೀ, ಇಷ್ಟು ವರ್ಷ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ಅವನನ್ನ ಕಂಡ್ರೆ ನಿಮಗೆ ಆಗಲ್ಲ ಅಂತಾನೇ ಅಂದ್ಕೊಂಡಿದ್ದೆ."

"ಕೇಳು ಇಲ್ಲಿ. ಆ ಹೊತ್ತು ಬದಲಾಯಿಸಿದ್ದು ನಾನೇ."

"ಹೂಂ, ನೀವೇ" ಎಂದರು ಹೆಂಡತಿ, ಮಗುವಿಗೆ ಹೇಳುವ ಹಾಗೆ. "ಟೀ ಆರೋಗುತ್ತೆ, ಕುಡೀರಿ."

ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಪ್ರೀತಿಯಿಂದ ಅವರು ಟೀ ಕೊಟ್ಟ ನೆನಪು ಮೇಷ್ಟ್ರಿಗಿರಲಿಲ್ಲ. ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಟೀ ಜೊತೆಗೆ ಒಳಗೆ ಹೋಯಿತು.

ಆಮೇಲಿನ ಮೂರು ವಾರ ಲ್ಯಾಬಿನವರು ಹಗಲಿಡೀ ಹುಡುಕಾಟದಲ್ಲೇ ಇದ್ದರು. ವೈದ್ಯರು ಇಮೇಲಿನಲ್ಲಿ ಕಳಿಸಿದ್ದ ಸ್ಕ್ಯಾನುಗಳನ್ನು ಸ್ಕ್ಯಾನಿಂಗ್ ಅಕ್ಕ ಒಂದೊಂದಾಗಿ ಇಳಿಸಿಕೊಂಡರು. ಎಸೆಯದೆ ಉಳಿದಿದ್ದ ಪ್ಲಾಸ್ಟರ್ ದವಡೆಗಳನ್ನು ಮತ್ತೆ ಸ್ಕ್ಯಾನ್ ಮಾಡಿದರು. ಕೊನೆಗೂ ನಲವತ್ತೊಂದು ಬಾಯಿಗಳು ಎಲ್ಲೂ ಸಿಗಲಿಲ್ಲ. ಆ ನಲವತ್ತೊಂದು ಬಾಯಿಗಳ ವೈದ್ಯರಿಗೆಲ್ಲ ಫೋನ್ ಮಾಡುವ ಕೆಲಸವನ್ನು ಮೇಷ್ಟ್ರು ಯಾರಿಗೂ ಬಿಟ್ಟುಕೊಡಲಿಲ್ಲ. "ರೋಗಿಯ ಬಾಯಿಗೆ ಮತ್ತೊಂದು ಸಲ ಅಚ್ಚು ಹಾಕ್ಬೇಕಂತೆ! ನೀವೇ ಬಂದು ಅವರಿಗೆ ಹೇಳಿ" ಎಂದು ಒಬ್ಬರು ಗದರಿದರು. ಮೇಷ್ಟ್ರು ನಿಜವಾಗಿಯೂ ಹೋದರು. ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದ ದಪ್ಪ ಮೀಸೆಯ ಬಸ್ ಡ್ರೈವರಿಗೆ ತಪ್ಪು ತಮ್ಮದೆಂದು ಹೇಳಿದರು. ಬಾಯಿ ತುಂಬ ಅಚ್ಚಿನ ಅಂಟು ತುಂಬಿಕೊಂಡಿದ್ದ ಡ್ರೈವರು ಏನೋ ಅಂದರು. ಏನೆಂದು ತಿಳಿಯಲಿಲ್ಲ, ಒಳ್ಳೆಯ ಮಾತಂತೂ ಆಗಿರಲಾರದು. ನಂಬಿದವರು ಒಬ್ಬರಾದರೂ ಸಿಕ್ಕರೆಂದು ಮೇಷ್ಟ್ರಿಗೆ ಅಂದು ಹಗುರವಾಯಿತು.

ಅವಸರದ ನಾಲ್ಕು ಹಲ್ಲುಗಳನ್ನು ಅವರು ಹಳೆಯ ಡಬ್ಬಿ ತೆಗೆದು ಮೇಣದಲ್ಲೇ ಕೆತ್ತಿದರು. ಲ್ಯಾಬಿನವರೆಲ್ಲ ಸುತ್ತ ನಿಂತು ನೋಡಿದರು. ನಾಲ್ಕರಲ್ಲಿ ಎರಡು, ಎತ್ತರವಾಯಿತೆಂದು ವಾಪಸ್ಸು ಬಂದವು. ಕೈಗೆ ಅಭ್ಯಾಸ ತಪ್ಪಿತ್ತು.

ಬ್ಯಾಕಪ್ ಪೆಟ್ಟಿಗೆಗೆ ಬೇರೆ ತಂತಿ ಎಳೆಸಿದ ದಿನ ಕಾವಲುಗಾರ ಬಂದು ಪಕ್ಕದಲ್ಲಿ ನಿಂತ. "ಮೇಷ್ಟ್ರೇ, ಅವತ್ತು ನೀವು ಸ್ವಿಚ್ಚಿನ ಬಗ್ಗೆ ಕೇಳಿದಾಗಲೇ ನನಗೆ ಅನ್ನಿಸ್ತು, ಏನೋ ಎಡವಟ್ಟಾಗಿದೆ ಅಂತ. ನಾನೇ ಆರಿಸ್ತಿದ್ದೆ ಅಂತ ಮೇಡಮ್ಮಿಗೂ ಹೇಳ್ದೆ."

"ಏನಂದ್ರು?"

"ನೀನೂ ಶುರು ಮಾಡ್ಬೇಡ, ಹೋಗು ಅಂದ್ರು."

ಇಬ್ಬರೂ ಗೋಡೆಗೆ ಒರಗಿ ಬಹಳ ಹೊತ್ತು ನಕ್ಕರು.

ಈಗ ಮೇಷ್ಟ್ರು ಲ್ಯಾಬಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ವಿಭಾಗದಲ್ಲಿ ಅವರೊಬ್ಬರೇ. ಪ್ರತಿ ಸೋಮವಾರ ನಕಲಿನಿಂದ ಯಾವುದಾದರೂ ಒಂದು ಫೈಲನ್ನು ಹೊರತೆಗೆದು, ತೆರೆದು, ತಿರುಗಿಸಿ ನೋಡುತ್ತಾರೆ. ಸೊಲ್ಯೂಷನ್ ಅವರನ್ನು ಕೇಳದೆ ಒಂದು ತಂತಿಯನ್ನೂ ಮುಟ್ಟುವುದಿಲ್ಲ. ಅವನು ನಿಜಕ್ಕೂ ಬದಲಾಗಿದ್ದಾನೆ. ದೂರಿನ ಇಮೇಲುಗಳನ್ನು ದಿನಾ ಓದುತ್ತಾನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾನೆ. ಮಾಡದ ತಪ್ಪೊಂದು ಅವನನ್ನು ಅಷ್ಟು ತಿದ್ದಿತು. ಮಾಡಿದ ತಪ್ಪುಗಳಿಂದ ಅದು ಆಗಿರಲಿಲ್ಲ.

ಕಳೆದ ತಿಂಗಳು ಅವನ ಕಂಪನಿಯವರು ಗಿರಾಕಿಗಳನ್ನೆಲ್ಲ ಕರೆದು ಒಂದು ಸಭೆ ಮಾಡಿದರು. ಬ್ಯಾಕಪ್ ಯಾಕೆ ಮುಖ್ಯ ಎನ್ನುವುದರ ಮೇಲೆ ಸೊಲ್ಯೂಷನ್ ಮಾತಾಡಿದ. ತನ್ನ ತಪ್ಪನ್ನು ಮರೆಮಾಚದೆ ಹೇಳಿದ, ಅದನ್ನು ತಮ್ಮ ಮೈಮೇಲೆ ಎಳೆದುಕೊಂಡ ಹಿರಿಯರ ಕಥೆಯನ್ನೂ ಹೇಳಿದ. "ಅವರು ಇಲ್ಲೇ ಇದ್ದಾರೆ" ಎಂದು ಮೂರನೆಯ ಸಾಲಿನ ಕಡೆ ಕೈ ತೋರಿಸಿದ.

ಮೇಷ್ಟ್ರು ಎದ್ದು ನಿಲ್ಲಲೇಬೇಕಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸೆರಗು ಸರಿಮಾಡಿಕೊಂಡರು.

"ಸರ್, ಒಂದು ಪ್ರಶ್ನೆ" ಎಂದರು ಹಿಂದಿನಿಂದ ಯಾರೋ. "ಅವತ್ತು ಅದನ್ನ ಬದಲಾಯಿಸಿದ್ದು ನಾನೇ ಅಂತ ನೀವು ನಿಜವಾಗ್ಲೂ ಹೇಳಿದ್ರಾ?"

"ಹೇಳಿದೆ" ಎಂದರು ಮೇಷ್ಟ್ರು. "ಯಾಕಂದ್ರೆ ಬದಲಾಯಿಸಿದ್ದು ನಾನೇ. ಈಗಲೂ ಅದನ್ನೇ ಹೇಳ್ತಿದ್ದೀನಿ."

ಸಭೆಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.